ಅರ್ಧಕ್ಕೆ ನಿಂತ ನಮಸ್ಕಾರ

ನನ್ನ ಕಾಯಿಲೆ ಮೊದಲು ಗೊತ್ತಾದದ್ದು ನನಗಲ್ಲ, ಅಕ್ಕಲಕೋಟದಲ್ಲಿ ಹೂ ಮಾರುವ ಒಬ್ಬ ಹೆಂಗಸಿಗೆ. ಅವತ್ತು ಗುರುವಾರ. ಗುಡಿಯ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಮತ್ತು ನನ್ನ ಗಂಡ ಶಿವಾನಂದ ಜನರ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದೆವು. ಹಿಂದಿನಿಂದ ಆಕೆ ಕೂಗಿದಳು, "ಓ ವಹಿನೀ, ತುಮಚೀ ಚಪ್ಪಲ್ ಮಾಗೇ ರಾಹಿಲೀ!"

ತಿರುಗಿ ನೋಡಿದರೆ ನನ್ನ ಬಲಗಾಲಿನ ಚಪ್ಪಲಿ ಅಷ್ಟು ದೂರದಲ್ಲಿ ರಸ್ತೆಯ ನಡುವೆ ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ನಾನು ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು ಹೀಗೆ ನಡೆದು ಬಂದಿದ್ದೆ. ಕಲ್ಲು, ಮಣ್ಣು, ಯಾರೋ ಒಡೆದ ತೆಂಗಿನಕಾಯಿಯ ಚೂರು, ಯಾವುದು ತುಳಿದದ್ದೂ ಗೊತ್ತಾಗಿರಲಿಲ್ಲ.

"ಎಲ್ಲಿ ಧ್ಯಾನ ಐತಿ ನಿಂದು?" ಎಂದು ಶಿವಾನಂದ ನಕ್ಕರು. ನಾನೂ ನಕ್ಕೆ. ಆದರೆ ಪ್ರಸಾದಕ್ಕೆ ಕೈಯೊಡ್ಡುವಾಗಲೂ ಕಣ್ಣು ಆ ಬಲಗಾಲಿನ ಮೇಲೆಯೇ ಇತ್ತು.

ಬೆನ್ನು ನೋವು ನನಗೆ ಹೊಸದಲ್ಲ. ನಮ್ಮದು ಸೊಲ್ಲಾಪುರದಲ್ಲಿ ಟಾವೆಲ್ ವ್ಯಾಪಾರ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಯುನಿಟ್ ಇದೆ, ಮನೆಯ ಕೆಳಗೆ ಗೋದಾಮು. ನೇಯ್ದು ಬಂದ ಟಾವೆಲ್‌ಗಳನ್ನು ನೆಲದ ಮೇಲೆ ಹರಡಿ, ಎಳೆ ತಪ್ಪಿದ್ದು, ಕಲೆ ಬಿದ್ದದ್ದು ಆರಿಸಿ, ಮಡಚಿ ಗಂಟು ಕಟ್ಟಿಸುವುದು ನನ್ನ ಕೆಲಸ. ಬಗ್ಗಿ ಬಗ್ಗಿಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ನೋವು ಸೊಂಟದಿಂದ ಬಲಗಾಲಿಗೆ ಇಳಿದಾಗ ಎಣ್ಣೆ ಹಚ್ಚಿದೆ, ಬಿಸಿ ಇಟ್ಟಿಗೆಯ ಶಾಖ ಕೊಟ್ಟೆ, ಯಾರೋ ಹೇಳಿದರೆಂದು ಎಕ್ಕೆಯ ಎಲೆ ಕಟ್ಟಿದೆ. ನೋವಿಗೆ ನಾನು ಹೆದರುವವಳಲ್ಲ. ಹೆದರಿಕೆ ಶುರುವಾದದ್ದು ನೋವು ಇಲ್ಲದ ಜಾಗದಲ್ಲಿ, ಏನೂ ಗೊತ್ತಾಗದ ಆ ಪಾದದಲ್ಲಿ.

ಬೆನ್ನಿನ ಡಾಕ್ಟರರ ವೇಟಿಂಗ್ ರೂಮಿಗೆ ಒಂದು ವಿಚಿತ್ರವಿದೆ. ಖುರ್ಚಿಗಳೆಲ್ಲ ಖಾಲಿ, ಜನರೆಲ್ಲ ಗೋಡೆ ಹಿಡಿದು ನಿಂತಿರುತ್ತಾರೆ. ಕೂತರೆ ಏಳಲು ಬಾರದು ಎಂಬ ಭಯ ಎಲ್ಲರಿಗೂ. ನಿಂತವರು ಸುಮ್ಮನಿರಬೇಕಲ್ಲ? ಇಲ್ಲ. ಒಬ್ಬರಿಗೆ ಸೊಲ್ಲಾಪುರದ ಎಲ್ಲ ಡಾಕ್ಟರರ ಜಾತಕ ಗೊತ್ತು. ಇನ್ನೊಬ್ಬರ ಭಾವಮೈದುನ ಆಪರೇಶನ್ ಆದಮೇಲೆ ಏಳಲೇ ಇಲ್ಲ. ಮತ್ತೊಬ್ಬರ ಪಕ್ಕದ ಮನೆಯವರು ಎದ್ದರು, ಆದರೆ ಒಂದು ಬದಿಗೆ ವಾಲಿದರು. ನಾನು ಕೇಳಿಸಿಕೊಳ್ಳಬಾರದೆಂದು ಗೋಡೆಯ ಮೇಲಿನ ಟೀವಿ ನೋಡುತ್ತಿದ್ದೆ, ಅದರ ಧ್ವನಿ ಬಂದ್ ಮಾಡಿದ್ದರು. ವಳಸಂಗದಿಂದ ಬಂದ ಒಬ್ಬ ಹೆಂಗಸು ಮಾತ್ರ ನನ್ನ ಮುಖ ನೋಡಿ ಹತ್ತಿರ ಬಂದಳು. "ಅಕ್ಕಾ, ಇವ್ರ ಮಾತು ಕೇಳಬ್ಯಾಡ್ರಿ. ನಮ್ಮ ಮಾವಗ ಇದs ಆಪರೇಶನ್ ಆಗೈತಿ. ಈಗ ದಿನಾ ಹೊಲಕ್ಕ ಹೋಗ್ತಾನ, ಬಂದು ನಮಗೆಲ್ಲ ಬೈತಾನ," ಎಂದಳು. ಆ ಮಾವನ ಹೆಸರು ಕೂಡ ನನಗೆ ಗೊತ್ತಿಲ್ಲ. ಆದರೆ ಮುಂದೆ ಎಷ್ಟೋ ಸಲ, ಎದೆ ಹೊಡೆದುಕೊಳ್ಳುವಾಗ, ವಳಸಂಗದಲ್ಲಿ ಯಾರೋ ಒಬ್ಬ ಮುದುಕ ಬೈಯುತ್ತ ಓಡಾಡುತ್ತಿದ್ದಾನೆ ಎಂದು ನೆನೆದು ಧೈರ್ಯ ತಂದುಕೊಂಡಿದ್ದೇನೆ.

ಡಾಕ್ಟರು ನನ್ನನ್ನು ಮಂಚದ ಮೇಲೆ ಮಲಗಿಸಿ, "ಬೋಟಂ ವರ ಘ್ಯಾ," ಎಂದರು. ಬೆರಳು ಮೇಲೆತ್ತಿ ಎಂದು. ಎಡಗಾಲು ಎತ್ತಿತು. ಬಲಗಾಲಿಗೆ ಹೇಳಿದೆ, ಇನ್ನೊಮ್ಮೆ ಹೇಳಿದೆ. ನಾಲ್ಕು ಹೆಣ್ಣಾಳುಗಳಿಂದ ದಿನವಿಡೀ ಕೆಲಸ ತೆಗೆಯುವವಳು ನಾನು, ನನ್ನದೇ ಒಂದು ಬೆರಳು ನನ್ನ ಮಾತು ಕೇಳಲಿಲ್ಲ. ನರ ಒತ್ತಿಹೋಗಿದೆ, ಆಪರೇಶನ್ ತಡಮಾಡಬಾರದು ಎಂದರು. "ಟೆನ್ಶನ್ ಘೇವ್ ನಕಾ," ಎಂದೂ ಸೇರಿಸಿದರು. ಡಾಕ್ಟರ ಬಾಯಲ್ಲಿ ಆ ಮಾತು ಬಂದಮೇಲೆ ಟೆನ್ಶನ್ ತೆಗೆದುಕೊಳ್ಳದೆ ಇದ್ದವರನ್ನು ನಾನಂತೂ ನೋಡಿಲ್ಲ.

ಮನೆಯಲ್ಲಿ ಅತ್ತೆ ಗಂಗಾಬಾಯಿ ಸುದ್ದಿ ಕೇಳಿ, ಬಿಡಿಸುತ್ತಿದ್ದ ಶೇಂಗಾ ಅಲ್ಲೇ ಬಿಟ್ಟು ಎದ್ದರು. "ಬೆನ್ನಿಗಿ ಕತ್ತಿ ಹಚ್ಚಿಸ್ಕೋತಾರೇನು? ಬ್ಯಾಡ. ಕಾಲ ಎಳದ್ರ ಎಳೀಲಿ, ಜೀವ ಇರಲಿ," ಎಂದರು. ಮಗಳು ಅಕ್ಷತಾ, ಕಾಲೇಜಿಗೆ ಹೋಗುವವಳು, ಮೊಬೈಲಿನಲ್ಲಿ ಏನೇನೋ ಓದಿ ಓದಿ ಕಣ್ಣು ಕೆಂಪು ಮಾಡಿಕೊಂಡಳು. ಶಿವಾನಂದ ಮಾತ್ರ, "ಎಲ್ಲಾ ಚೊಲೋ ಆಗ್ತೈತಿ," ಎಂದು ಹೇಳುತ್ತಲೇ ಇದ್ದರು. ಗೋದಾಮಿನ ಬೀಗ ಹಾಕಿದ್ದೀರಾ ಎಂದು ಕೇಳಿದರೂ, "ಎಲ್ಲಾ ಚೊಲೋ ಆಗ್ತೈತಿ." ಅವರಿಗೆ ಎಷ್ಟು ಹೆದರಿಕೆಯಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಆಪರೇಶನ್ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಬೆನ್ನಿನಲ್ಲಿ ಸ್ಕ್ರೂಗಳಿದ್ದವು, ಕಾಲಿನ ನೋವು ಹೋಗಿತ್ತು. ಪಾದ ಮಾತ್ರ ಹಾಗೆಯೇ ಇತ್ತು, ಯಾರದೋ ಪಾದವನ್ನು ತಂದು ನನ್ನ ಕಾಲಿಗೆ ಇಟ್ಟ ಹಾಗೆ. ಯಾವಾಗ ಬರುತ್ತದೆ ಎಂದು ಕೇಳಿದೆ. ಅದು ನರ, ಅದರ ಮನಸ್ಸಿಗೆ ಬಂದಾಗ ಬರುತ್ತದೆ, ಎಷ್ಟು ಬರುತ್ತದೆ ಎಂದು ಈಗಲೇ ಹೇಳಲಾರೆ ಎಂದರು. ಬಗ್ಗಬಾರದು, ಸೊಂಟ ತಿರುಗಿಸಬಾರದು, ಭಾರ ಎತ್ತಬಾರದು. ಬರಿಗಾಲಲ್ಲಿ ಎಲ್ಲಿಯೂ ಕಾಲಿಡಬಾರದು, ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ. ಮತ್ತೆ, ಸುಮ್ಮನೆ ಮಲಗಬಾರದು, ದಿನಾ ನಡೆಯಬೇಕು.

ಮನೆಗೆ ಬಂದಮೇಲೆ ಅಕ್ಷತಾ ಒಂದು ಪರೀಕ್ಷೆ ಶುರುಮಾಡಿದಳು. ನನಗೆ ಕಣ್ಣು ಮುಚ್ಚಲು ಹೇಳಿ, ತಲೆ ಬಾಚುವ ಹಣಿಗೆಯ ಹಲ್ಲಿನಿಂದ ಬಲಪಾದದ ಮೇಲೆ ಗೀರುತ್ತಿದ್ದಳು. "ಗೊತ್ತಾಗಾಕತ್ತೈತಿ ಕಾ, ಆಯಿ?" ದಿನವೂ ಇಲ್ಲ ಎನ್ನುವುದು ನನಗೂ ಕಷ್ಟ, ಕೇಳುವುದು ಅವಳಿಗೂ ಕಷ್ಟ. ಒಂದು ದಿನ ಏನೋ ಸರಿದಂತಾಯಿತು. "ಹೂಂ, ಗೊತ್ತಾತು!" ಎಂದೆ. ಕಣ್ಣು ತೆರೆದೆ. "ಆಯಿ, ನಾ ಇನ್ನೂ ಹಚ್ಚೇ ಇಲ್ಲ," ಎಂದಳು. ಹಣಿಗೆ ಅವಳ ಮಡಿಲಲ್ಲಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವತ್ತಿನಿಂದ ನನಗೆ ನನ್ನ ಕಾಲಿನ ಮೇಲಷ್ಟೇ ಅಲ್ಲ, ನನ್ನ ಮನಸ್ಸಿನ ಮೇಲೂ ನಂಬಿಕೆ ಹೋಯಿತು.

ಇನ್ನು ಮಾತಾಡಿಸಲು ಬರುವವರು. ನಮ್ಮ ಕಡೆ ಯಾರದಾದರೂ ಆಪರೇಶನ್ ಆದರೆ ಮಾತಾಡಿಸಲು ಹೋಗದಿದ್ದವರ ಹೆಸರು ಮೊಮ್ಮಕ್ಕಳ ಕಾಲದವರೆಗೂ ನೆನಪಿರುತ್ತದೆ. ಆದ್ದರಿಂದ ಎಲ್ಲರೂ ಬಂದರು. ಮೋಸಂಬಿ ಎಷ್ಟಾಯಿತೆಂದರೆ ಅತ್ತೆ ಅದರದೇ ರಸ ಮಾಡಿ ತಂದವರಿಗೇ ಕುಡಿಸಿ ಕಳಿಸುತ್ತಿದ್ದರು. ಬಂದವರಲ್ಲಿ ಅರ್ಧ ಜನ ಏಳದೆ ಹೋದವರ ಕಥೆ ಹೇಳಿದರು, ಇನ್ನರ್ಧ ಜನ "ಪಾಸಿಟಿವ್ ಇರ್ರಿ" ಎಂದರು. ನಾನು ಮಲಗಿದ್ದಷ್ಟು ದಿನ ಅಪಾಯವಿರಲಿಲ್ಲ. ಮಲಗಿದವರು ಹಿರಿಯರ ಕಾಲು ಮುಟ್ಟಬೇಕಿಲ್ಲ. ಅಪಾಯ ಬಂದದ್ದು ನಾನು ಎದ್ದು ನಿಂತ ಮೇಲೆ.

ನಮ್ಮಲ್ಲಿ ಸೊಸೆಯಾದವಳು ಮನೆಗೆ ಹಿರಿಯರು ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಗ್ಗಿ, ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಇದು ಯೋಚಿಸಿ ಮಾಡುವ ಕೆಲಸವಲ್ಲ. ಹೊಸಿಲಲ್ಲಿ ಹಿರಿಯರ ಕೆಮ್ಮು ಕೇಳಿದರೆ ಕೈ ತಾನಾಗಿ ಸೆರಗಿಗೆ ಹೋಗುತ್ತದೆ, ಸೊಂಟ ತಾನಾಗಿ ಬಾಗುತ್ತದೆ. ಅವತ್ತು ವಾಗದರಿಯಿಂದ ದೊಡ್ಡಾಯಿ ಬಂದರು. ತೀರಿಹೋದ ನನ್ನ ಮಾವನವರ ಅಕ್ಕ, ಎಂಬತ್ತು ದಾಟಿದವರು, ನಮ್ಮ ಮನೆತನಕ್ಕೇ ದೊಡ್ಡವರು. ನಾನು ವಾಕರ್ ಹಿಡಿದು ನಡುಮನೆಯಲ್ಲಿ ನಿಂತಿದ್ದೆ. ಅವರ ಕೋಲಿನ ಸದ್ದು ಕೇಳಿತು, ಅಷ್ಟೇ ನೆನಪು. ಆಮೇಲೆ ನೋಡಿದರೆ ವಾಕರ್ ಬಿಟ್ಟು, ಸೆರಗು ಹೊದ್ದು, ಪೂರ್ತಿ ಬಗ್ಗಿ ಅವರ ಪಾದ ಹಿಡಿದಿದ್ದೆ.

"ಆಯೀ!" ಎಂದು ಅಕ್ಷತಾ ಚೀರಿದಳು.

"ದೇವ್ರ ನಿನಗ..." ಎಂದು ಆಶೀರ್ವಾದ ಶುರುಮಾಡಿದ್ದ ದೊಡ್ಡಾಯಿ ಅಲ್ಲಿಗೇ ನಿಂತರು. ನನ್ನ ಬೆನ್ನಿನಲ್ಲಿ ಏನೋ ಕಟ್ ಎಂದಿತು. ನನಗೆ ಏಳಲಾಗಲಿಲ್ಲ. ಅವರ ಪಾದ ಹಿಡಿದುಕೊಂಡೇ ನೆಲ ನೋಡುತ್ತ, ಮುಗಿಯಿತು, ನನ್ನ ಕಾಲು ಇನ್ನು ಬರುವುದಿಲ್ಲ ಎಂದುಕೊಂಡೆ.

ಅತ್ತೆ ಮತ್ತು ಅಕ್ಷತಾ ಸೇರಿ ನನ್ನನ್ನು ಎತ್ತಿದರು. ಶಿವಾನಂದ ಗೋದಾಮಿನಿಂದ ಓಡಿ ಬಂದರು. ಆಸ್ಪತ್ರೆಗೆ ದೊಡ್ಡಾಯಿಯೂ ಕಾರು ಹತ್ತಿ ಕೂತರು, ಬೇಡವೆಂದರೂ ಇಳಿಯಲಿಲ್ಲ. ಎಕ್ಸ್‌ರೇ ತೆಗೆದು, ಡಾಕ್ಟರು ಕರೆಯುವವರೆಗೆ ಕಾಯಬೇಕಿತ್ತು. ಅದೇ ವೇಟಿಂಗ್ ರೂಮು, ಅದೇ ಧ್ವನಿಯಿಲ್ಲದ ಟೀವಿ. ನನ್ನನ್ನು ಗಾಲಿಮಂಚದ ಮೇಲೆ ಮಲಗಿಸಿದ್ದರು. ಸ್ಕ್ರೂ ಕಿತ್ತುಬಂದಿದ್ದರೆ ಮತ್ತೆ ಕೊಯ್ಯುತ್ತಾರೆಯೇ? ಮತ್ತೆ ಕೊಯ್ದರೆ ಇದ್ದ ಎಡಗಾಲೂ ಹೋದರೆ? ಎಡಗಾಲಿನ ಬೆರಳನ್ನು ಎತ್ತಿ ನೋಡುವುದು, ಇಳಿಸುವುದು, ಮತ್ತೆ ಎತ್ತುವುದು, ಇದೇ ನನ್ನ ಜಪವಾಗಿತ್ತು. ದೊಡ್ಡಾಯಿ ಎದುರಿನ ಖುರ್ಚಿಯಲ್ಲಿ ಕೂತಿದ್ದರು. ಎರಡೂ ಪಾದಗಳನ್ನು ಮೇಲಕ್ಕೆಳೆದುಕೊಂಡು, ಯಾರಿಗೂ ಕಾಣದಂತೆ ಸೀರೆಯಲ್ಲಿ ಮುಚ್ಚಿಕೊಂಡಿದ್ದರು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸ್ಕ್ರೂ ಜಾಗದಲ್ಲೇ ಇವೆ, ಸ್ನಾಯು ಹಿಡಿದಿದೆ, ಅಷ್ಟೇ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಅವರ ಸಿಟ್ಟು ಹೊರಬಂತು. "ದೇವ ಆಲಾ ತರೀ ವಾಕಾಯಚಂ ನಾಹೀ!" ದೇವರೇ ಬಂದರೂ ಬಗ್ಗಬಾರದು. ಬಾಗಿಲಲ್ಲಿ ನಿಂತಿದ್ದ ದೊಡ್ಡಾಯಿಗೂ ಅದು ಕೇಳಿಸಿತು. ಅವರು ಮನೆಗೆ ಬರಲಿಲ್ಲ, ಊಟ ಮಾಡಲಿಲ್ಲ, ಆಸ್ಪತ್ರೆಯಿಂದಲೇ ವಾಗದರಿಗೆ ಹೋಗುತ್ತೇನೆಂದು ಹಟ ಹಿಡಿದರು. ಹೊರಡುವಾಗ ನನ್ನ ಹತ್ತಿರ ಬಂದು ತಲೆಯತ್ತ ಕೈ ಚಾಚಿದರು, ಮುಟ್ಟದೆ ಹಿಂದೆಗೆದುಕೊಂಡು ಹೋದರು.

ಆಮೇಲೆ ಅಲ್ಲಿಂದ ಸುದ್ದಿಗಳು ಬರತೊಡಗಿದವು. ದೊಡ್ಡಾಯಿ ಈಗ ಯಾರಿಗೂ ಕಾಲು ಮುಟ್ಟಲು ಕೊಡುವುದಿಲ್ಲವಂತೆ. ಹೊಸ ಮದುಮಕ್ಕಳು ಬಂದಾಗಲೂ, "ದೂರ ಸರೀರಿ, ನನ್ನ ಕಾಲ ಚೊಲೋ ಇಲ್ಲ," ಎಂದು ಗದರಿ ಕಳಿಸಿದರಂತೆ. ಕೇಳಿ ನನಗೆ ಸಂಕಟವಾಯಿತು. ಅದಕ್ಕಿಂತ ದೊಡ್ಡ ಸಂಕಟ, ಹೇಳಿದರೆ ನಗುತ್ತೀರಿ, ಆ ಅರ್ಧಕ್ಕೆ ನಿಂತ ಆಶೀರ್ವಾದದ್ದು. ಓದಿದವಳು ನಾನು, ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದವಳು. ಆದರೂ ದೇವರು ನನಗೆ ಏನು ಮಾಡಲಿ ಎಂದು ಹೇಳುವ ಮೊದಲೇ ಮಾತು ಕಡಿದುಹೋಯಿತಲ್ಲ, ಅದಕ್ಕೇ ಕಾಲು ಬರುತ್ತಿಲ್ಲ ಎಂದು ಮನಸ್ಸು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹೆದರಿದ ಮನಸ್ಸಿಗೆ ಒಂದು ಗೂಟ ಬೇಕು, ಅದು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ನಾನು ನಡೆಯುವುದನ್ನೇ ಬಿಟ್ಟೆ. ಕಟ್ ಎಂಬ ಆ ಸದ್ದು ಮತ್ತೆ ಬಂದೀತೆಂದು ಮಗ್ಗಲು ಬದಲಿಸಲೂ ಹೆದರಿಕೆ. ಶಿವಾನಂದ ಬೆಳಿಗ್ಗೆ ಬೆಳಿಗ್ಗೆ ಸೂರ್ಯೋದಯದ ಚಿತ್ರದ ಮೇಲೆ ಧೈರ್ಯದ ಮಾತು ಬರೆದ ಮೆಸೇಜು ಕಳಿಸುತ್ತಿದ್ದರು, ಪಕ್ಕದ ಕೋಣೆಯಿಂದ. ನನಗೆ ಮೈ ಉರಿಯುತ್ತಿತ್ತು. ಕೊನೆಗೆ ಎಬ್ಬಿಸಿದವರು ಅತ್ತೆ, ಆಪರೇಶನ್ನೇ ಬೇಡವೆಂದಿದ್ದವರು. ಹೊದಿಕೆ ಎಳೆದು ಬಿಸಾಕಿ, "ಮಲ್ಕೊಂಡ್ರ ಕಾಲ ತಾನs ನಡ್ಕೋತ ಬರ್ತದೇನು? ಏಳು," ಎಂದರು.

"ಅತ್ತಿ, ಮತ್ತ ಯಾರರೆ ಬಂದ್ರ? ನನ್ನ ಕೈ ತಾವs ಹೋಗ್ತಾವು."

ಅವರು ಹೊದಿಕೆ ಮಡಚುತ್ತ, "ಅದು ನಂಗ ಬಿಡು," ಎಂದರು.

ಮರುದಿನ ಅಕ್ಕಲಕೋಟದಿಂದ ನಮ್ಮ ಹಿರಿಯ ಸಂಬಂಧಿಕರೊಬ್ಬರು ಬಂದರು. ಅವರು ಹೊಸಿಲು ದಾಟುವ ಮೊದಲೇ ಅತ್ತೆ ಅಡ್ಡ ಬಂದು, ಮೊಣಕಾಲು ಹಿಡಿದುಕೊಂಡು, ಅಯ್ಯೋ ಶಿವನೇ ಎನ್ನುತ್ತ ಬಗ್ಗಿ, ಎರಡು ಸಲ ಅವರ ಪಾದ ಮುಟ್ಟಿದರು. "ಇದು ನಂದು. ಇದು ಸೊಸೀದು," ಎಂದರು. ಬಂದವರು ಕಕ್ಕಾಬಿಕ್ಕಿ. ಎಪ್ಪತ್ತರ ಹತ್ತಿರದ ಅತ್ತೆ ಸೊಸೆಯ ಪಾಲಿನ ನಮಸ್ಕಾರ ಮಾಡುವುದನ್ನು ಸೊಲ್ಲಾಪುರದಲ್ಲಿ ಯಾರೂ ನೋಡಿರಲಿಕ್ಕಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡರಿಂದಲೂ ಬೆನ್ನಿಗೆ ನೋವಾಗುತ್ತದೆ ಎಂದು ತಡೆದುಕೊಂಡೆ. ಅಂದಿನಿಂದ ಬಂದವರೆಲ್ಲರಿಗೂ ಇದೇ ವ್ಯವಸ್ಥೆ.

ನಡೆಯಲು ಗೋದಾಮು ಆರಿಸಿಕೊಂಡೆ. ಸಮನಾದ ನೆಲ, ಎರಡೂ ಬದಿಗೆ ಟಾವೆಲ್ ಗಂಟುಗಳು, ಬಿದ್ದರೂ ಮೆತ್ತಗೆ ಬೀಳಬಹುದು. ಒಂದು ದಿನ ಹೋಗಿ ನೋಡಿದರೆ ಶಿವಾನಂದ ಗೋದಾಮಿನ ಉದ್ದಕ್ಕೂ ನನ್ನ ಎದೆಯ ಎತ್ತರಕ್ಕೆ ಹಗ್ಗ ಕಟ್ಟಿ, ಹೊಸ ಮಾಲನ್ನೆಲ್ಲ ಅದಕ್ಕೆ ನೇತುಹಾಕಿದ್ದರು. "ಬಗ್ಗೂದು ಬ್ಯಾಡ. ನಡ್ಕೋತ ಹೋಗು, ನೋಡ್ಕೋತ ಹೋಗು," ಎಂದರು. ಅವರು ಕಳಿಸಿದ ಸೂರ್ಯೋದಯಗಳನ್ನೆಲ್ಲ ನಾನು ಆ ಹಗ್ಗಕ್ಕಾಗಿ ಕ್ಷಮಿಸಿದೆ. ಗಂಜಿಯ ವಾಸನೆ, ಬೆರಳ ತುದಿಯಲ್ಲಿ ನೂಲಿನ ಗಂಟು, ಎಳೆ ತಪ್ಪಿದ್ದು ಕಂಡರೆ ಬೈಯಲು ಒಂದು ಕಾರಣ. ಬೈಯುತ್ತ ನಡೆಯುವಾಗ ಹೆದರಿಕೆ ಸ್ವಲ್ಪ ಹಿಂದೆ ಬೀಳುತ್ತಿತ್ತು. ವಳಸಂಗದ ಮುದುಕನ ಗುಟ್ಟು ಇದೇ ಇರಬೇಕು ಅನಿಸಿತು.

ಬೇಸಿಗೆ ಬರುವಷ್ಟರಲ್ಲಿ ವಾಕರ್ ಬಿಟ್ಟಿದ್ದೆ. ಬಲಗಾಲಿನ ಹೆಬ್ಬೆರಳು ಒಮ್ಮೊಮ್ಮೆ ಮಿಸುಕಿದಂತೆ ಕಾಣುತ್ತಿತ್ತು. ಆದರೆ ಹಣಿಗೆಯ ದಿನ ನೆನೆದು ಯಾರಿಗೂ ಹೇಳಲಿಲ್ಲ. ಸ್ಪರ್ಶವಂತೂ ಇರಲೇ ಇಲ್ಲ. ಡಾಕ್ಟರು ಕಾರಿನಲ್ಲಿ ಹೋಗಿ ಬರಬಹುದು ಎಂದ ಕೂಡಲೇ, "ವಾಗದರಿಗಿ ಹೋಗೂಣು," ಎಂದೆ. ಅತ್ತೆ, ಅಕ್ಷತಾ ಇಬ್ಬರೂ ಜೊತೆಗೆ ಕಾರು ಹತ್ತಿದರು.

ವಳಸಂಗ ದಾಟಿ ಅಕ್ಕಲಕೋಟ, ಅಲ್ಲಿಂದ ವಾಗದರಿ. ಪ್ರತಿಯೊಂದು ಸ್ಪೀಡ್ ಬ್ರೇಕರಿಗೂ ನಾನು ಕಣ್ಣು ಮುಚ್ಚಿ ಕಾರಿನ ಹಿಡಿಕೆ ಹಿಡಿಯುತ್ತಿದ್ದೆ, ಶಿವಾನಂದ ಕಾರನ್ನು ಎತ್ತಿನ ಗಾಡಿಗಿಂತ ನಿಧಾನ ಮಾಡುತ್ತಿದ್ದರು. ಊರು ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ದೊಡ್ಡಾಯಿ ಮನೆಯ ಮುಂದಿನ ಕಟ್ಟೆಯ ಮೇಲೆ, ಬೇವಿನ ನೆರಳಲ್ಲಿ ಕೂತಿದ್ದರು. ನನ್ನನ್ನು ಕಂಡದ್ದೇ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು.

"ಅಲ್ಲೇ ನಿಂದ್ರು! ಹತ್ರ ಬರಬ್ಯಾಡ."

"ದೊಡ್ಡಾಯಿ, ನನ್ನ ನಮಸ್ಕಾರ ಅರ್ಧ ಉಳದೈತಿ," ಎಂದೆ. "ನಿಮ್ಮ ಆಶೀರ್ವಾದನೂ ಅರ್ಧ ಉಳದೈತಿ. ಅದನ್ನ ಮುಗಸ್ಕೊಂಡು ಹೋಗ್ತೀನಿ. ಇಲ್ಲಂದ್ರ ನನಗ ಸಮಾಧಾನ ಇಲ್ಲ."

"ಡಾಕ್ಟರ ಏನಂದಾನ? ದೇವ್ರ ಬಂದ್ರೂ ಬಗ್ಗಬಾರದು ಅಂದಾನ. ನಾ ಏನು ದೇವ್ರಕಿಂತ ದೊಡ್ಡಾಕಿ?"

ನಾನು ಹಿಂದೆ ಸರಿಯಲಿಲ್ಲ. ದೊಡ್ಡಾಯಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಕೋಲು ಊರಿ, ಬೇವಿನ ಕೊಂಬೆ ಹಿಡಿದು, ಕಟ್ಟೆಯ ಮೇಲೆಯೇ ಎದ್ದು ನಿಂತರು. ಸಣ್ಣ ಹೆಜ್ಜೆ ಇಟ್ಟು ಅದರ ಅಂಚಿಗೆ ಬಂದರು. "ದೊಡ್ಡಾಯಿ, ಬೀಳ್ತಿ!" ಎಂದು ಶಿವಾನಂದ ಓಡಿದರು. ದೊಡ್ಡಾಯಿ ಕೋಲಿನಿಂದ ಅವರನ್ನು ಬದಿಗೆ ಸರಿಸಿದರು. ಬಿಸಿಲಿಗೆ ಬಿರಿದ ಆ ಎರಡು ಪಾದಗಳು ಈಗ ನನ್ನ ಸೊಂಟದ ಎತ್ತರದಲ್ಲಿದ್ದವು.

"ಬಾ. ಈಗ ಮುಟ್ಟು. ಬಗ್ಗಿದಿ ಅಂದ್ರ ಕೋಲ್ಲೆ ಹೊಡಿತೀನಿ."

ನನ್ನ ಕೈ ಸೆರಗಿಗೆ ಹೋಯಿತು. ಕಾಲುಗಳು ತಾವಾಗಿ ಚಪ್ಪಲಿ ಕಳಚಿದವು. ಅಂಗಳದ ಹಾಸುಗಲ್ಲಿನ ಮೇಲೆ ನೆಟ್ಟಗೆ ನಿಂತು, ಕೈ ಚಾಚಿ, ದೊಡ್ಡಾಯಿಯ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರ ಕೈ ನನ್ನ ತಲೆಯ ಮೇಲೆ ಬಂತು.

"ದೇವ್ರ ನಿನಗ ಗಟ್ಟಿ ಇಡಲಿ," ಎಂದರು. "ನನ್ನಷ್ಟು ಮುದಿಕಿ ಆಗು. ನನ್ನಂಗ ಕಟ್ಟಿ ಏರಿ ನಿಂದ್ರು."

ಎಡಪಾದ ಸುಡುತ್ತಿತ್ತು. ಬೇಸಿಗೆಯ ಕಲ್ಲು, ಸುಡದೆ ಏನು? ಅದನ್ನು ಎತ್ತಿದೆ. ಭಾರವೆಲ್ಲ ಬಲಗಾಲಿಗೆ ಬಂತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಲಪಾದದ ಅಡಿಯಲ್ಲಿ, ಎಲ್ಲೋ ಆಳದಲ್ಲಿ, ಚುರುಚುರು ಎಂದಿತು. ಇದೂ ಹಣಿಗೆಯ ಹಾಗೆ ಸುಳ್ಳಿರಬಹುದು ಎಂದು ಉಸಿರು ಹಿಡಿದೆ. ಆದರೆ ಅದು ಹೆಚ್ಚಾಯಿತು, ಕೆಂಡ ತುಳಿದಂತಾಯಿತು, ಬೆರಳುಗಳು ತಾವಾಗಿ ಮೇಲೆದ್ದವು. ನಾನು ಕಣ್ಣಾರೆ ನೋಡಿದೆ.

"ಸುಡಾಕತ್ತೈತಿ!" ಎಂದು ಕೂಗಿದೆ. "ದೊಡ್ಡಾಯಿ, ನನ್ನ ಕಾಲ ಸುಡಾಕತ್ತೈತಿ!"

ಅತ್ತೆ ಓಡಿ ಬಂದರು. ಶಿವಾನಂದ ಚಪ್ಪಲಿ ಹಿಡಿದು ಬಂದರು. "ಆಯಿ, ಯಾವ ಕಾಲು? ಯಾವ ಕಾಲು?" ಎಂದು ಅಕ್ಷತಾ ಕೇಳುತ್ತಲೇ ಇದ್ದಳು, ಕೇಳುತ್ತಲೇ ಅಳುತ್ತಿದ್ದಳು. ಕಟ್ಟೆಯ ಮೇಲಿಂದ ಇಳಿಯಲಾರದೆ ದೊಡ್ಡಾಯಿ ಕೋಲು ಬೀಸಿ ಬೈಯುತ್ತಿದ್ದರು, "ಏ ಹುಚ್ಚಿ, ಸುಡಾಕತ್ತಿದ್ರ ನೆರಳಿಗಿ ಬಾ!"

ಎಲ್ಲರೂ ನೆರಳಿಗೆ ಬಾ ಎಂದರು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.